ಅತ್ತೆಯ ಗಡಿಗೆ, ಅಳಿಯನ ಬುಶ್ಶು

ಹಲವು ಮಳೆಗಾಲಗಳ ಹಿಂದೆ, ಹುಬ್ಬಳ್ಳಿಯಿಂದ ಲಕ್ಷ್ಮೇಶ್ವರಕ್ಕೆ ಹೋಗುವ ದಾರಿಯಲ್ಲಿ, ಹೆಸರಿಲ್ಲದ ಒಂದು ಗುಂಡಿಯ ದಂಡೆಯ ಮೇಲೆ ನಿಂತು, ಹೊಸ ಅಳಿಯನಾದ ಚನ್ನವೀರನು, ಅಡಿಯಿಂದ ಮುಡಿಯವರೆಗೆ ಮೊಸರಿನಲ್ಲಿ ಮಿಂದಿದ್ದ ತನ್ನ ಅತ್ತೆ ಬಸಲಿಂಗವ್ವನಿಗೆ ಕೈಮುಗಿದು ಒಂದು ಮಾತು ಕೊಟ್ಟನು.

"ಅತ್ತಿ, ಇವತ್ತ ಆಗಿದ್ದು ಆಗಿಹೋತು. ಒಂದಿಲ್ಲೊಂದು ದಿನ ನಿಮ್ಮನ್ನ ಇದ ಗಾಡ್ಯಾಗ, ಇದ ದಾರಿಲೆ, ತೊಡಿ ಮ್ಯಾಲ ತುಂಬಿದ ಗಡಿಗಿ ಇಟ್ಟ ಕರ್ಕೊಂಡ ಹೋಗ್ತೀನಿ. ಒಂದ ಹನಿ ತುಳುಕಿದ್ರ ಕೇಳ್ರಿ."

ಬಸಲಿಂಗವ್ವ ಇಳಕಲ್ ಸೀರೆಯ ಸೆರಗಿನಿಂದ ಮೂಗಿನ ಮೇಲಿನ ಮೊಸರನ್ನು ಒರೆಸಿಕೊಂಡಳು. "ಅಲ್ಲೀತನಕ ನಾ ಬಸ್ಸಿಗೆ ಹೋಗ್ತೀನಿ" ಎಂದಳು. ಅಂದಿನಿಂದ ಆಕೆ ಅಳಿಯನ ಗಾಡಿ ಹತ್ತಲಿಲ್ಲ.

ಓ ಗುಂಡಿಗಳ ಅಧಿದೇವತೆಯೇ! ಪ್ರತಿ ಆಷಾಢದಲ್ಲೂ ಡಾಂಬರಿನ ಹೊದಿಕೆಯನ್ನು ಒದ್ದು ಎದ್ದು ಕೂಡುವವಳೇ! ಆ ಒಂದು ಹನಿಯ ಕಥೆಯನ್ನು ಹೇಳಹೊರಟ ಈ ದಣಿದ ನಾಲಗೆಗೆ ಒಂದಿಷ್ಟು ಬಲ ಕೊಡು. ಇದು ಸ್ಪೀಡ್‌ಬ್ರೇಕರ್ ಯುಗ. ಮನುಷ್ಯರು ಆಸೆಪಟ್ಟು ವೇಗವನ್ನು ಮನೆಗೆ ತಂದು, ಅದೇ ಮನೆಯ ಮುಂದೆ ದಿಬ್ಬ ಕಟ್ಟಿ ಅದನ್ನು ಕೊಲ್ಲುವ ಯುಗ. ಇಂಥ ವಿಚಿತ್ರ ಕಾಲದಲ್ಲಿ, ವಾಣಿಜ್ಯಲಕ್ಷ್ಮಿಯ ತವರಾದ ಹುಬ್ಬಳ್ಳಿಯ ದುರ್ಗದಬೈಲಿನ ಸಂದಿಯೊಂದರಲ್ಲಿ, ಹಾಂಡೆ, ಕೊಡ, ತಪ್ಪೇಲಿ, ತಾಟುಗಳ ತೇಜಃಪುಂಜದ ನಡುವೆ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬೆಳಗುತ್ತಿದ್ದವನೇ ನಮ್ಮ ನಾಯಕ: ಸ್ಟೀಲ್‌ಪಾತ್ರೆವ್ಯಾಪಾರಧುರಂಧರ, ಧೂಳೀಪಟಲಧೂಸರಿತಲಲಾಟ, ಕ್ಲಚ್‌ಮರ್ದನದಕ್ಷವಾಮಪಾದ, ಶ್ರೀಮಾನ್ ಚನ್ನವೀರ.

ಅವನ ರಥವನ್ನು ಏನೆಂದು ಬಣ್ಣಿಸಲಿ! ಎರಡು ಕೈ ದಾಟಿ ಬಂದರೂ ಕೆಂಪು ಮಾಸದ, ಟರ್ಬೊಘೋಷಬಧಿರೀಕೃತದಿಗಂತವಾದ ಒಂದು ಸೆಡಾನ್. ಅದರ ಮೂತಿಯೊಳಗೆ ಇನ್ನೂರು ಕುದುರೆಗಳ ಬಲವಿದೆಯೆಂದು ಮಾರಿದವನು ಆಣೆ ಮಾಡಿದ್ದನು. ಸಂಜೆಯ ಮಾರ್ಕೆಟ್ಟಿನಲ್ಲಿ ಆ ಇನ್ನೂರೂ ಕುದುರೆಗಳು ಒಂದು ತಳ್ಳುಗಾಡಿಯ ಬೆನ್ನಿಗೆ ನಿಂತು ಬಾಳೆಹಣ್ಣಿನ ವಾಸನೆ ಕುಡಿಯುತ್ತಿದ್ದವು, ಆ ಮಾತು ಬೇರೆ. ದುರ್ಗದಬೈಲಿನಲ್ಲಿ ಕಾರು ನಿಲ್ಲಿಸಲು ಜಾಗವೆಲ್ಲಿ? ಹೀಗಾಗಿ ರಥದ ಲಾಯ ಅತ್ತೆಯ ಮನೆಯ ಹಿತ್ತಿಲು. ಅಲ್ಲಿ ಬೇವಿನ ಮರದ ಒಂದು ಮಗ್ಗುಲಿಗೆ ರಥ, ಇನ್ನೊಂದು ಮಗ್ಗುಲಿಗೆ ಬಸಲಿಂಗವ್ವನ ಎಮ್ಮೆ ಚಂದ್ರಿ. ಇಬ್ಬರೂ ಒಬ್ಬರನ್ನೊಬ್ಬರು ಲೆಕ್ಕಕ್ಕೆ ತೆಗೆದುಕೊಳ್ಳದೆ ಗೌರವದಿಂದ ಬಾಳುತ್ತಿದ್ದರು.

ಹೀಗಿರಲು ರಥಕ್ಕೆ ವ್ಯಾಧಿ ಬಡಿಯಿತು. ಗುಂಡಿ ಬಂದಲ್ಲೆಲ್ಲ ಮುಂದಿನ ಎಡಗಾಲಿಯ ಕಡೆಯಿಂದ ಲಟ್, ಲಟ್. ಚನ್ನವೀರನು ಮೊದಮೊದಲು ಅದನ್ನು ಕೇಳಿಯೂ ಕೇಳದಂತಿದ್ದನು. ಶಾಲೆಯ ವ್ಯಾನು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿರುವಾಗ, ಒಂದೇ ಕಾಲಿಗೆ ಸಾಕ್ಸು ಹಾಕಿಕೊಂಡ ಮಗು "ಇವತ್ತ ಚಾರ್ಟ್ ಒಯ್ಯಬೇಕಂತ" ಎಂದು ಮೆಲ್ಲಗೆ ಉಸುರಿದಾಗ, ಕೈಯಲ್ಲಿ ಡಬ್ಬಿಯ ಮುಚ್ಚಳ ಹಿಡಿದ ತಾಯಿಯು ಹೇಗೆ ಒಂದು ಗಳಿಗೆ ಕಿವುಡಿಯಾಗುವಳೋ ಹಾಗೆ. ಆದರೆ ಚಾರ್ಟೂ ಬಿಡದು, ಲಟ್ಟೂ ಬಿಡದು. ಗೋಕುಲ ರಸ್ತೆಯ ಗ್ಯಾರೇಜಿನ ಮೌಲಾಲಿ ಮಿಸ್ತ್ರಿಯು ರಥದ ಹೊಟ್ಟೆಯ ಕೆಳಗೆ ತೂರಿ, ಕಬ್ಬಿಣದ ಸಲಾಕೆಯಿಂದ ನಾಲ್ಕು ಕಡೆ ಮೀಟಿ ನೋಡಿ, ಮಲಗಿದಲ್ಲಿಂದಲೇ ತೀರ್ಪು ಕೊಟ್ಟನು.

"ಬುಶ್ ಹರದಾವ್ರಿ ಸಾವ್ಕಾರ್ರ. ಎಲ್ಲಾ ಕಡೆ."

ಬುಶ್ಶೆಂದರೇನೆಂದು ಕೇಳುವಿರಾ? ಚಕ್ರವನ್ನು ಹಿಡಿದ ಕಬ್ಬಿಣದ ತೋಳು ಗಾಡಿಯ ಮೈಗೆ ಕೂಡುವ ಸಂದಿನಲ್ಲಿ, ಕಬ್ಬಿಣಕ್ಕೆ ಕಬ್ಬಿಣ ತಾಗಿ ಜಗಳವಾಗದಿರಲೆಂದು ನಡುವೆ ಕೂಡಿಸಿದ ರಬ್ಬರಿನ ದಪ್ಪ ಉಂಗುರ. ರಸ್ತೆ ಬೈದ ಬೈಗುಳವನ್ನೆಲ್ಲ ತಾನು ನುಂಗಿಕೊಂಡು, ಒಳಗೆ ಕೂತವರಿಗೆ ಅರ್ಧವನ್ನಷ್ಟೇ ಹೇಳುವ ಜೀವ. ಪ್ರತಿ ಮನೆಯಲ್ಲೂ ಅಂಥವರೊಬ್ಬರು ಇರುತ್ತಾರೆ. ಹರಿಯುವವರೆಗೆ ಅವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ.

ಚನ್ನವೀರನ ಹೆಂಡತಿ ನೀಲಾಂಬಿಕೆಯು ಈ ಗಹನವಾದ ತತ್ತ್ವವನ್ನು ರೊಟ್ಟಿ ಬಡಿಯುತ್ತಲೇ ಗ್ರಹಿಸಿದಳು. "ಅಂದ್ರ ಕುಕ್ಕರಿನ ರಬ್ಬರ್ ಇದ್ದಂಗ. ಹಳೇದ ತಗದು ಹೊಸಾದ ಹಾಕಿಸ್ರಿ. ಮುಗೀತಲ್ಲ?"

ಮುಗಿಯಿತೇ! ಲಂಕೆಯನ್ನು ಕಂಡು, ಒಂದು ನಡುಗಡ್ಡೆ ಅಷ್ಟೇ, ಮುಗಿಯಿತು ಎಂದ ಹಾಗಾಯಿತು. ಏಕೆಂದರೆ ಬುಶ್ಶುಗಳಲ್ಲಿ ಎರಡು ಕುಲಗಳುಂಟು. ಒಂದು ಕಪ್ಪು ರಬ್ಬರಿನದು: ಮೃದು, ಮೌನಿ, ಬಗ್ಗಿ ಬಾಳುವಂಥದು. ಇನ್ನೊಂದು ಪಾಲಿ ಎಂಬ ಹಳದಿ ಕುಲ: ಕಠೋರ, ಅನಮ್ಯ, ತಿರುವಿನಲ್ಲಿ ಚಕ್ರವನ್ನು ಕೂದಲೆಳೆಯಷ್ಟೂ ಅತ್ತಿತ್ತ ಸರಿಯಗೊಡದೆ ನೆಲಕ್ಕೆ ಕಚ್ಚಿ ಹಿಡಿಸುವ, ರೇಸಿನವರ ಕುಲದೈವ. ಕಪ್ಪು ಬೇಕೋ ಹಳದಿ ಬೇಕೋ ಎಂಬ ಈ ಪ್ರಶ್ನೆ ಎಲ್ಲ ಬಿಟ್ಟು ಅದೇ ವಾರ ಎದ್ದು ನಿಂತದ್ದರಲ್ಲಿ ವಿಧಿಯ ಕುಚೋದ್ಯವಲ್ಲದೆ ಮತ್ತೇನಿದೆ?

ಆ ವಾರದ ಶುಕ್ರವಾರ ಲಕ್ಷ್ಮೇಶ್ವರದಲ್ಲಿ ದಾನೇಶ್ವರಿಯ ಕುಬಸ. ದಾನೇಶ್ವರಿ ನೀಲಾಂಬಿಕೆಯ ಅಕ್ಕನ ಮಗಳು. ಹುಟ್ಟಿದ್ದು ಅಜ್ಜಿ ಬಸಲಿಂಗವ್ವನ ಕೈಯಲ್ಲಿ, ಬೆಳೆದದ್ದು ಬಸಲಿಂಗವ್ವನ ಕೌದಿಯಲ್ಲಿ. ಆ ಚೊಚ್ಚಲ ಬಸುರಿಯ ಉಡಿ ತುಂಬಿ, ತನ್ನ ಎಮ್ಮೆಯ ಗಡಿಗೆ ಮೊಸರಿನಲ್ಲಿ ಅನ್ನ ಕಲಸಿ ಮೊದಲ ತುತ್ತನ್ನು ತಾನೇ ಬಾಯಿಗಿಡಬೇಕೆಂಬುದು ಮುದುಕಿಯ ಆಸೆ. ಆದರೆ ಆಕೆಯ ಟೊಂಕದ ಎಲುಬನ್ನು ನೋಡಿದ ಡಾಕ್ಟರು "ಇನ್ನ ಬಸ್ಸ ಹತ್ತಿದ್ರ ನನ್ನ ಕಡೆ ಬರಬ್ಯಾಡ್ರಿ" ಎಂದಿದ್ದರು. ನೀಲಾಂಬಿಕೆ ಬಾಡಿಗೆ ಗಾಡಿಯ ಮಾತೆತ್ತಿದಾಗ ಬಸಲಿಂಗವ್ವ ಕೈಯಾಡಿಸಿಬಿಟ್ಟಳು. "ಅಳಿಯನ ಗಾಡಿ ಹಿತ್ತಲದಾಗ ನಿಂತೈತಿ. ನಾ ಬಾಡಗಿ ಗಾಡ್ಯಾಗ ಹೋಗಿ ಇಳದ್ರ ಬೀಗರು ಏನಂದಾರು? ಅವರ ಏನರ ಅನ್ಲಿ, ಅಳಿಯಂದ್ರಿಗೆ ಎಷ್ಟ ಕೆಟ್ಟ ಅನಸ್ತೈತಿ." ಉಳಿದದ್ದು ಒಂದೇ ದಾರಿ: ಆ ಹಳೆಯ ಮಾತು.

ಅದೇ ವಾರದ ಐತವಾರ ಊರಾಚೆಯ ಬಯಲಿನಲ್ಲಿ ಕಾರುಗಳ ಧೂಳಿನ ಓಟ. ಹೋದ ವರ್ಷ ಅಲ್ಲಿ ಕಟ್ಟಕಡೆಯ ತಿರುವಿನಲ್ಲಿ ದಾರಿ ತೋರಲು ಇಟ್ಟ ಒಂದು ಬಡಪಾಯಿ ರಬ್ಬರ್ ಕೋನನ್ನು ಉರುಳಿಸಿ, ಕೈಗೆ ಬಂದ ಟ್ರೋಫಿಯನ್ನು ಗದಗಿನ ಎಣ್ಣೆ ಮಿಲ್ಲಿನವನೊಬ್ಬನಿಗೆ ಬಿಟ್ಟುಕೊಟ್ಟಿದ್ದ ಚನ್ನವೀರನಿಗೆ, ಆ ಕೋನು ಈಗಲೂ ಕನಸಿನಲ್ಲಿ ಬಂದು ಕೇಸರಿ ಟೊಪ್ಪಿಗೆ ಹಾಕಿಕೊಂಡು ನಗುತ್ತಿತ್ತು. ಕುಬಸಕ್ಕೆ ಕಪ್ಪು, ಓಟಕ್ಕೆ ಹಳದಿ ಎಂದು ಎರಡು ಸಲ ಬದಲಿಸೋಣವೆಂದರೆ, ಶುಕ್ರವಾರ ಗ್ಯಾರೇಜು ಬಂದ್. ಶನಿವಾರ, ಐತವಾರ ಮೌಲಾಲಿಯು ತನ್ನ ಸೋದರಳಿಯನ ಮದುವೆಗೆಂದು ಸವಣೂರಿಗೆ ಹೋಗುವವನು. ಗುರುವಾರ ಗಾಡಿಯೊಳಗೆ ಯಾವ ಬುಶ್ಶು ಇರುವುದೋ ಅದೇ ಐತವಾರಕ್ಕೂ ಗತಿ.

ಗ್ಯಾರೇಜಿನ ಎದುರಿನ ಚಹಾದಂಗಡಿಯಲ್ಲಿ ಯುದ್ಧಸಭೆ ಸೇರಿತು. ನಾಯಕನ ಬಲಗಡೆ ಮಂತ್ರಿಯಾದ ಶಿವಯೋಗಿ ಕೂತನು. ಇವನು ಬಸಲಿಂಗವ್ವನ ಮಗ, ಅಂದರೆ ನೀಲಾಂಬಿಕೆಯ ತಮ್ಮ. ಇವನಿಗೂ ಒಂದು ಕಾರಿತ್ತು. ಚೆಂದ ಕಾಣಲೆಂದು ಅದನ್ನು ಎಷ್ಟು ತಗ್ಗಿಸಿದ್ದನೆಂದರೆ, ರಸ್ತೆಗೆ ಬಳಿದ ಬಿಳಿ ಪಟ್ಟಿಯನ್ನು ದಾಟುವ ಮುನ್ನವೂ ಇಳಿದು ಬಗ್ಗಿ ನೋಡಬೇಕಿತ್ತು. ತಾಯಿಯನ್ನು ಆ ಗಾಡಿಯಲ್ಲಿ ಕೂಡಿಸುವ ಮಾತನ್ನು ಸ್ವತಃ ಅವನೇ ಎಂದೂ ಎತ್ತಿರಲಿಲ್ಲ.

"ಮಾಮಾ, ನೀವು ಕರೇ ರಬ್ಬರ್ ಹಾಕಿಸಿದ್ರ ಐತವಾರ ನಾ ನಿಮ್ಮ ಜೋಡಿ ಬರೂದಿಲ್ಲ" ಎಂದನು ಶಿವಯೋಗಿ. "ಮಂದಿ ನಗ್ತಾರ. ಅದು ಮದಿವಿ ಮೆರವಣಿಗಿ ಗಾಡಿಗೆ ಹಾಕೂದು. ಸ್ಪ್ರಿಂಗ್ ಗಿಡ್ಡ ಮಾಡಸೂಣು, ದಪ್ಪಂದು ರೋಲ್ ಬಾರ್ ಹಾಕ್ಸೂಣು, ಬುಶ್ ಎಲ್ಲಾ ಹಳದಿ. ಗಾಡಿ ಕಲ್ಲಿನಂಗ ನಿಂದರಬೇಕ."

ಯೌವನದಲ್ಲಿ ಗಣಪತಿ ಚೌಕಿನ ನಾಟಕಗಳಲ್ಲಿ ಗದೆ ಹಿಡಿದು ಕುಣಿದವನಾದ ಚನ್ನವೀರನ ರಕ್ತ ಕುದಿಯಿತು. ಚಹಾದ ಗ್ಲಾಸನ್ನು ಕೆಳಗಿಟ್ಟು, ಬೆಂಚಿನ ಮೇಲೆ ಒಂದು ಕಾಲನ್ನೂರಿ, ಪೌರವೀಥಿ ಬೆಚ್ಚುವಂತೆ ಗರ್ಜಿಸಿದನು.

"ಎಲವೋ ಶಿವಯೋಗಿ, ಕಿವಿಗೊಟ್ಟು ಕೇಳು! ಈ ಚನ್ನವೀರ ಸ್ಟೇರಿಂಗ್ ಹಿಡದಾ ಅಂದ್ರ ತಿರುವು ತಾನ ನೆಟ್ಟಗ ಆಗಬೇಕು! ಐತವಾರ ಆ ಬಯಲಾಗ ನನ್ನ ಧೂಳ ಕುಡದ ಮಂದಿ, ಸೋಮವಾರ ಗಂಟಲಾ ಒಣಗಿ, ನೀರ ಕುಡ್ಯಾಕ ನನ್ನ ಅಂಗಡಿಗೇ ಬಂದು ತಂಬಿಗಿ ಕೊಳ್ಳಬೇಕು!"

"ಕೊಳ್ಳಲಿ. ಅವ್ವನ ಗಡಿಗಿ?"

ನಾಯಕನು ಕಾಲನ್ನು ಬೆಂಚಿನಿಂದ ಇಳಿಸಿದನು. "ಗಡಿಗಿನೂ ಹೋಗ್ತೈತೋ ಮಾರಾಯಾ. ಬುಶ್ ಗಟ್ಟಿ ಇದ್ರ ಗಾಡಿ ಅಲ್ಲಾಡಂಗಿಲ್ಲ. ಗಾಡಿ ಅಲ್ಲಾಡ್ಲಿಲ್ಲ ಅಂದ್ರ ಗಡಿಗಿ ಹೆಂಗ ಅಲ್ಲಾಡ್ತೈತಿ?"

"ಇದ ಮಾತು ನಮ್ಮ ಅವ್ವನ ಮುಂದ ಹೇಳ್ರಿ ನೋಡೂಣು."

"ನಂಗೇನ್ರಿ" ಎಂದನು ಮೌಲಾಲಿ, ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಾ. "ಕರೇದು ಕೊಟ್ರ ಕರೇದು, ಹಳದಿ ಕೊಟ್ರ ಹಳದಿ. ಬೆಲ್ಲ ಕೊಟ್ರ ಬೆಲ್ಲಾನೂ ಒತ್ತಿ ಕೂಡಸ್ತೀನಿ. ಲಗೂನ ಹೇಳ್ರಿ."

ತೀರ್ಮಾನವಾಗದೆ ಎರಡೂ ಕುಲಗಳನ್ನು ತರಿಸಲಾಯಿತು. ಪಾರ್ಸಲ್ ಪಾತ್ರೆಯಂಗಡಿಗೇ ಬಂದಿಳಿಯಿತು. ಈಗ, ಹೇ ಸಹೃದಯರೇ, ಪಾತ್ರೆ ವ್ಯಾಪಾರದವರ ಒಂದು ಪದ್ಧತಿಯನ್ನು ನೀವು ಅರಿಯಬೇಕು. ಅವರು ವಸ್ತುವನ್ನು ಕಣ್ಣಿನಿಂದ ನೋಡುವುದಿಲ್ಲ, ಬೆರಳಿನ ಗೆಣ್ಣಿನಿಂದ ಕೇಳುತ್ತಾರೆ. ಕೊಡವನ್ನು ಎಡಗೈಯಲ್ಲಿ ತೂಗಿ ಹಿಡಿದು ಒಮ್ಮೆ ಬಾರಿಸುವುದು. ಟಣ್ಣೆಂದು ಹಾಡಿದರೆ ಗಟ್ಟಿ, ಗೊಗ್ಗರಾಗಿ ಕೆಮ್ಮಿದರೆ ಎಲ್ಲೋ ಬಿರುಕು. ಚನ್ನವೀರನ ಅಜ್ಜ ಹಾಗೆ ಬಾರಿಸಿದ, ಅಪ್ಪ ಹಾಗೆ ಬಾರಿಸಿದ. ಚನ್ನವೀರನಂತೂ ಸಂತೆಯಲ್ಲಿ ಕುಂಬಳಕಾಯಿ, ಮದುವೆ ಮನೆಯಲ್ಲಿ ಬಾಗಿಲು, ಒಮ್ಮೆ ಮರೆತು ಭಾವಮೈದುನನ ಹೆಲ್ಮೆಟ್ಟು (ತಲೆ ಒಳಗೇ ಇತ್ತು), ಎಲ್ಲವನ್ನೂ ಬಾರಿಸಿ ನೋಡಿದವನು.

ಅವನು ಕಪ್ಪು ಬುಶ್ಶನ್ನು ಎತ್ತಿ ಗಲ್ಲಾದ ಕಟ್ಟೆಗೆ ಕುಟ್ಟಿದನು. ಅದು ಏನೂ ಅನ್ನಲಿಲ್ಲ. ಮತ್ತೊಮ್ಮೆ ಕುಟ್ಟಿದನು. ಅದು ಪೆಟ್ಟನ್ನು ತಿಂದು ಸುಮ್ಮನಾಯಿತು. ಹಳದಿಯನ್ನು ಕುಟ್ಟಿದನು. ‘ಟಕ್’ ಎಂದಿತು.

"ಮಾತಾಡ್ತೈತಿ ನೋಡ ಇದು!" ಎಂದು ನಾಯಕನ ಮುಖ ಅರಳಿತು. "ದನಿ ಇಲ್ಲದ್ದು ಒಡಕ ಭಾಂಡೆ."

ಹೀಗೆ ಮೌನಕ್ಕಾಗಿಯೇ ಹುಟ್ಟಿದ ವಸ್ತುವನ್ನು ಮೌನವಾಗಿದೆಯೆಂಬ ಅಪರಾಧಕ್ಕಾಗಿ, ಗಿರಾಕಿಗಳು ವಾಪಸು ತಂದ ತೂತು ಚರಗಿಗಳ ಬುಟ್ಟಿಗೆ ಎಸೆಯಲಾಯಿತು. ಮಂಗಳವಾರ ಸೂರ್ಯಾಸ್ತದೊಳಗೆ ಹಳದಿಯು ರಥದ ಸಕಲ ಸಂದುಗಳಲ್ಲಿ ಪಟ್ಟಾಭಿಷಿಕ್ತವಾಯಿತು.

ಬುಧವಾರ ಬೆಳಿಗ್ಗೆ ಪರೀಕ್ಷೆ. ನೀಲಾಂಬಿಕೆಯ ತೊಡೆಯ ಮೇಲೆ ಕಂಠಮಟ್ಟ ನೀರು ತುಂಬಿದ ಸ್ಟೀಲ್ ಕೊಡವನ್ನಿರಿಸಿ, ನಾಯಕನು ಉಣಕಲ್ ಕೆರೆಯವರೆಗೆ ರಥವನ್ನು ಹರಿಸಿದನು. ತಿರುವುಗಳಲ್ಲಿ ರಥವು ನಿಜಕ್ಕೂ ಕಲ್ಲಿನಂತೆ ನಿಂತಿತು. ಉಳಿದ ಕಡೆಯೂ ಕಲ್ಲಿನಂತೆಯೇ ನಿಂತಿತು. ಯಾವ ಗುಂಡಿಯೂ ತನ್ನ ಹೆಸರು, ಗೋತ್ರ, ಆಳಗಳನ್ನು ಹೇಳದೆ ಬಿಡಲಿಲ್ಲ. ಒಂದೊಂದು ಹರಳೂ ಬೆನ್ನೆಲುಬಿನ ಒಂದೊಂದು ಮಣಿಯನ್ನು ಹಿಡಿದು ಮಾತಾಡಿಸಿತು. ತಿರುಗಿ ಹಿತ್ತಿಲಿಗೆ ಬಂದಾಗ ಕೊಡ ಅರ್ಧ ಖಾಲಿಯಾಗಿತ್ತು, ನೀಲಾಂಬಿಕೆ ಅರ್ಧ ತುಂಬಿದ್ದಳು.

"ರೀ" ಎಂದಳು ಆಕೆ, ಜಡೆ ಹಿಂಡುತ್ತಾ. "ಜಳಕಾ ನಾ ಮನ್ಯಾಗ ಮಾಡ್ಕೊಂಡ ಬಂದಿದ್ದೆ."

"ನೀರ ತೆಳ್ಳಗಿರ್ತೈತಿ. ಮಸರು ದಪ್ಪ."

"ನೀವೂ ಏನ ಕಡಿಮಿ ಇಲ್ಲ ಬಿಡ್ರಿ."

ಆದರೆ ನಿಜವಾದ ಸೋಲು ಬಂದದ್ದು ಬೇರೆಯೇ ದಿಕ್ಕಿನಿಂದ. ಹಳದಿ ಕುಲಕ್ಕೊಂದು ಶಾಪವಿದೆ: ಗಾಡಿ ನಿಧಾನವಾಗಿ ತಗ್ಗು ದಿಣ್ಣೆ ಹತ್ತಿಳಿಯುವಾಗ ಅದು ಕಬ್ಬಿಣಕ್ಕೆ ಮೈಯುಜ್ಜಿ ಕೀರಲು ದನಿಯಲ್ಲಿ ಅಳುತ್ತದೆ. ಹಿತ್ತಿಲಿನ ಹೊಸ್ತಿಲು ಹತ್ತುವಾಗ ರಥವು ‘ಅಂಞೇಽಽ’ ಎಂದಿತು. ಬೇವಿನ ಮರದ ಕೆಳಗೆ ಮೆಲುಕು ಹಾಕುತ್ತಿದ್ದ ಚಂದ್ರಿಯು ಕತ್ತೆತ್ತಿ ಕಿವಿ ನಿಮಿರಿಸಿತು. ಆ ದನಿ, ಅಯ್ಯೋ, ಕರುವಿನದು! ಹೋದ ತಿಂಗಳಷ್ಟೇ ಬೀಗರ ಮನೆಗೆ ಕೊಟ್ಟು ಕಳಿಸಿದ್ದ ತನ್ನ ಕರು ಕೆಂಪಗಾಗಿ, ನಾಲ್ಕು ಗಾಲಿ ಹಚ್ಚಿಕೊಂಡು ಬಂದು, ಹಸಿವೆಯೆಂದು ಕರೆಯುತ್ತಿದೆ! ಚಂದ್ರಿ ಹಗ್ಗ ಜಗ್ಗಿತು, ಒರಲಿತು, ಸಂಜೆ ಬಸಲಿಂಗವ್ವ ಚರಗಿ ಹಿಡಿದು ಕೂತರೆ ಹಾಲನ್ನೆಲ್ಲ ಮೇಲಕ್ಕೆಳೆದುಕೊಂಡು, ರಥದ ಕಡೆಗೇ ಕಣ್ಣು ನೆಟ್ಟು ನಿಂತಿತು. ಚಪ್ಪರಿಸಿದರೂ ಇಲ್ಲ, ಹಿಂಡಿ ಇಟ್ಟರೂ ಇಲ್ಲ.

ಬಸಲಿಂಗವ್ವ ತಳ ಕಾಣುವ ಚರಗಿಯನ್ನು ತಂದು ಅಳಿಯನ ಮುಂದೆ ಇಟ್ಟಳು. ಚನ್ನವೀರನು ಬೈಗುಳಕ್ಕೆ ಎದೆಯೊಡ್ಡಿ ನಿಂತನು. ಆದರೆ ಆಕೆ ಬೈಯಲಿಲ್ಲ.

"ಎಮ್ಮಿ ಹಾಲ ಇಳಸವಲ್ದು ಅಳಿಯಂದ್ರ. ಇಳಸಿದ್ರೂ ಮಸರು ನಿಮ್ಮ ಕೈಯಾಗ ಕೊಟ್ಟ ಕಳಸ್ತೀನಿ. ನಾ ಬರಂಗಿಲ್ಲ. ನೀಲಾನ ನೋಡಿದೆ, ಒದ್ದಿ ಆಗಿ ಬಂದ್ಲು. ನನ್ನ ಟೊಂಕ ತಡ್ಯಂಗಿಲ್ಲ." ಸೆರಗನ್ನು ಸರಿಮಾಡಿಕೊಂಡಳು. "ನೀವೆಲ್ಲಾ ಹೋಗಿ ಬರ್ರಿ. ದಾನಿಗೆ ಮದಲನೇ ತುತ್ತು ನೀಲಾನ ತಿನಸ್ಲಿ. ಅಕಿನೂ ಹಿರಿಯಾಳ ಅಲ್ಲೇನು?"

ಇಷ್ಟು ಹೇಳಿ ಒಳಗೆ ಹೋದಳು. ಅಡುಗೆಮನೆಯಲ್ಲಿ ತೊಳೆದು ಬೋರಲು ಹಾಕಿದ್ದ ಹೊಸ ಮಣ್ಣಿನ ಗಡಿಗೆಯನ್ನು ಎತ್ತಿ ಮಾಡದಲ್ಲಿಡುವ ಸದ್ದು ಹಿತ್ತಿಲಿಗೂ ಕೇಳಿಸಿತು. ಪಾತ್ರೆಗಳ ದನಿಯನ್ನು ಮೂರು ತಲೆಮಾರಿನಿಂದ ಬಲ್ಲ ಮನೆತನದವನಿಗೆ ಆ ದನಿ ಚೆನ್ನಾಗಿಯೇ ತಿಳಿಯಿತು.

ಹಾ, ಆಗ ಆ ಮಹಾವೀರನ ಎದೆಯೊಳಗೆ ನಡೆದ ಸಮರವನ್ನು ಬಣ್ಣಿಸಲು ಸಾವಿರ ನಾಲಗೆ ಸಾಲವು! ಒಂದು ಕಡೆ ಬಂಗಾರದ ಬಣ್ಣದ ಟ್ರೋಫಿ, ಹೂಮಾಲೆ, ಗದಗಿನ ಎಣ್ಣೆ ಮಿಲ್ಲಿನವನ ಬಾಡಿದ ಮುಖ. ಇನ್ನೊಂದು ಕಡೆ ಒಂದು ಖಾಲಿ ಗಡಿಗೆ. ಕೋನು ಕೇಸರಿ ಟೊಪ್ಪಿಗೆ ತೆಗೆದು ನಮಸ್ಕರಿಸಿತು. ಚಂದ್ರಿ ಇನ್ನೊಮ್ಮೆ ಒರಲಿತು.

"ಶಿವಯೋಗಿ" ಎಂದನು ಚನ್ನವೀರ. "ನಾಳೆ ಹಳದಿ ತಗಸೂಣು."

"ಐತವಾರ ಸೋಲ್ತೀರಿ, ಮಾಮಾ."

"ಸೋಲ್ತೀನಿ."

"ಎಣ್ಣಿ ಮಿಲ್ಲನವ ಫೇಸ್‌ಬುಕ್ಕಿನ್ಯಾಗ ಹಾಕ್ತಾನ."

"ಹಾಕ್ಲಿ ಬಿಡಲೇ. ಚರಗಿ ಬುಟ್ಟ್ಯಾಗ ಆ ಕರೇವು ಅದಾವೋ ಇಲ್ಲೋ ನೋಡ ನಡಿ."

ಗುರುವಾರ ಮೌಲಾಲಿಯು ಗೊಣಗಿದ ಗೊಣಗಾಟವನ್ನು ಇಲ್ಲಿ ಬರೆದರೆ ಗ್ರಂಥ ಮೈಲಿಗೆಯಾದೀತು. ಅಂತೂ ಹಳದಿ ಹೊರಬಿತ್ತು, ಕಪ್ಪು ಒಳಹೊಕ್ಕಿತು. ಬೋಲ್ಟುಗಳನ್ನು ಬಿಗಿಯುವುದಷ್ಟೇ ಉಳಿದಿದ್ದಾಗ ಶಿವಯೋಗಿಯು ಅಡ್ಡ ನಿಂತನು. ಓಟದ ಹುಚ್ಚಿನಲ್ಲಿ ಅವನು ಕಲಿತಿದ್ದ ವಿದ್ಯೆಗಳಲ್ಲಿ ಒಂದು ಈಗ ತಾಯಿಯ ಕೆಲಸಕ್ಕೆ ಬಂದಿತ್ತು: ಗಾಡಿಯನ್ನು ಜ್ಯಾಕಿನ ಮೇಲೆ ತೂಗಾಡಿಸಿಟ್ಟು ಬಿಗಿದರೆ, ಕೆಳಗಿಳಿಸಿದಾಗ ರಬ್ಬರು ತಿರುಚಿಕೊಂಡು ಬಿರುಸಾಗುತ್ತದೆ, ನೆಲಕ್ಕೆ ನಿಲ್ಲಿಸಿ, ಹೋಗುವ ಜನರಷ್ಟೇ ತೂಕವನ್ನು ಹೇರಿ, ಆಮೇಲೆ ಬಿಗಿದರೆ ಮೆತ್ತಗೆ ನಡೆಯುತ್ತದೆ. ರೇಸಿನವರು ಇದಕ್ಕೆ ಉಸುಕಿನ ಚೀಲ ಇಡುತ್ತಾರೆ.

"ಹಾಂಡೇಕ ನೀರ ತುಂಬಿ ಇಡೂಣು" ಎಂದನು ಚನ್ನವೀರ. "ನಂದು ಗೊತ್ತು, ನೀಲಾಂದು ಅಂದಾಜ ಐತಿ. ಅತ್ತೀದು ಎಷ್ಟ ತೂಕ?"

ಆ ಪ್ರಶ್ನೆಯನ್ನು ಬಸಲಿಂಗವ್ವನ ಮುಂದಿಡುವ ಧೈರ್ಯ ಆ ವೀರಮಂಡಲದಲ್ಲಿ ಒಬ್ಬನಿಗೂ ಇರಲಿಲ್ಲ. ಕೊನೆಗೆ ಆಕೆಯನ್ನೇ ಕರೆತರುವುದೆಂದಾಯಿತು; ತನಗಾಗಿ ಹಳದಿ ತೆಗೆಸಿದ್ದನ್ನು ಕೇಳಿ ಆಕೆಯೂ ಒಪ್ಪಿದಳು.

ಹೀಗೆ ಗುರುವಾರ ಮಧ್ಯಾಹ್ನ, ಗೋಕುಲ ರಸ್ತೆ ಕಂಡು ಕೇಳರಿಯದ ಒಂದು ದೃಶ್ಯ ನಡೆಯಿತು. ಗ್ಯಾರೇಜಿನ ಗುಂಡಿಯ ಮೇಲೆ ನಿಂತ ರಥದಲ್ಲಿ, ಮುಂದೆ ಚನ್ನವೀರ ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು, ಪಕ್ಕದಲ್ಲಿ ಶಿವಯೋಗಿ, ಹಿಂದೆ ನೀಲಾಂಬಿಕೆ, ಆಕೆಯ ಮಗ್ಗುಲಿಗೆ ತೊಡೆಗೆ ಹಾಸಿದ ನಾಲ್ಕು ಮಡಿಕೆಯ ಕೌದಿಯ ಮೇಲೆ ನೀರು ತುಂಬಿದ ಗಡಿಗೆಯನ್ನಿಟ್ಟುಕೊಂಡ ಬಸಲಿಂಗವ್ವ, ಎಲ್ಲರೂ ಫೋಟೋಕ್ಕೆ ಕೂತವರಂತೆ ಅಲುಗಾಡದೆ ಕೂತರು. ಎಷ್ಟೋ ವರ್ಷಗಳ ಮೇಲೆ ಆಕೆ ಅಳಿಯನ ಗಾಡಿ ಹತ್ತಿದ್ದಳು. ಕೆಳಗಿನ ಪಾತಾಳದಿಂದ ಮೌಲಾಲಿಯ ಕೂಗು ಬಂತು: "ಯಾರೂ ಸೀನಬ್ಯಾಡ್ರಿ! ಕುಬಸ ಇಲ್ಲೇ ಮಾಡಿ ಮುಗಸ್ತೀರೇನ?" ಬೋಲ್ಟು ಬಿಗಿಯುವ ಪಾನಾ ತಿರುಗಿತು. ಕಟ್. ಇನ್ನೊಂದು ಕಡೆ, ಕಟ್.

ಬಸಲಿಂಗವ್ವ ಗಡಿಗೆಯೊಳಗೆ ಇಣುಕಿ ನೋಡಿದಳು. "ಎಷ್ಟ ಚಂದ ಹೊಂಟೈತಿ. ಒಂಚೂರೂ ಅಲ್ಲಾಡವಲ್ದು."

"ಅತ್ತಿ, ಗಾಡಿ ಇನ್ನೂ ಚಾಲೂ ಮಾಡಿಲ್ರಿ."

"ಗೊತ್ತೈತ್ರಿ. ನಾಳೇನೂ ಹಿಂಗ ನಡಸ್ರಿ ಅಂತ ಹೇಳಾಕತ್ತೀನಿ."

ಅಂದು ಸಂಜೆ ರಥವು ದನಿಯಿಲ್ಲದೆ ಹಿತ್ತಿಲಿಗೆ ಬಂತು. ಚಂದ್ರಿ ಬಹಳ ಹೊತ್ತು ಕಿವಿಗೊಟ್ಟು ಕೇಳಿತು. ಅಂದಿಗೂ ಹಾಲಿಳಿಸಲಿಲ್ಲ, ತಾಯಿಯ ಮನಸ್ಸು ಅಷ್ಟು ಬೇಗ ತಿಳಿಯಾಗುವುದಿಲ್ಲ. ಶುಕ್ರವಾರ ನಸುಕಿನಲ್ಲಿ ಮಾತ್ರ ನಿಟ್ಟುಸಿರಿಟ್ಟು ಚರಗಿ ತುಂಬ ಕೊಟ್ಟಿತು. ಹಿಂದಿನ ದಿನವೇ ಹಾಲು ಸಿಕ್ಕು ರಾತ್ರಿಯೇ ಹೆಪ್ಪು ಹಾಕಿದ್ದರೆ ಬೆಳಗಿನ ಹೊತ್ತಿಗೆ ಗಟ್ಟಿ ಮೊಸರಾಗಿರುತ್ತಿತ್ತು, ತುಳುಕುವ ಮಾತೇ ಇರಲಿಲ್ಲ. ಈಗ ಕಾಸಿ, ಆರಿಸಿ, ಹೆಪ್ಪು ಹಾಕಿ, ಗಡಿಗೆಗೆ ಸುರುವಿ, ಹಾಲಿರುವಾಗಲೇ ಒಯ್ದು, ದಾರಿಯಲ್ಲಿ ತೊಡೆಯ ಮೇಲೆಯೇ ಮೊಸರಾಗಿಸಬೇಕು. ಹೆಪ್ಪಿಟ್ಟ ಹಾಲು ಅಲ್ಲಾಡಿದರೆ ನೀರೊಡೆಯುತ್ತದೆಂಬುದು ಆ ಮನೆಯ ಬೆಕ್ಕಿಗೂ ಗೊತ್ತು.

ಹೊರಟಿತು ರಥ! ಇನ್ನೂರು ಕುದುರೆಗಳು ಒಂದು ಎಮ್ಮೆಯ ಹಾಲಿಗೆ ಅಂಜಿ ಹೆಜ್ಜೆ ಹೆಜ್ಜೆಗೂ ಅಪ್ಪಣೆ ಕೇಳುತ್ತಾ ನಡೆದವು. ಮಲಗಿದ ಕೂಸನ್ನು ಹೆಗಲಿನಿಂದ ತೊಟ್ಟಿಲಿಗಿಳಿಸುವವಳು ಹೇಗೆ ಉಸಿರನ್ನೇ ಬಿಡದೆ, ಬಳೆಗಳನ್ನು ಮೊಣಕೈಗೇರಿಸಿ, ಕಾಲ್ಬೆರಳುಗಳಿಂದ ನೆಲವನ್ನು ತಡವುವಳೋ, ಹಾಗೆ ಚನ್ನವೀರನು ಗುಂಡಿಯಿಂದ ಗುಂಡಿಗೆ ರಥವನ್ನು ಇಳಿಸಿ ಏರಿಸಿದನು. ಲಾರಿಗಳು ದಾಟಿ ಹೋದವು. ಹತ್ತಿ ಹೇರಿದ ಟ್ರ್ಯಾಕ್ಟರು ದಾಟಿ ಹೋಯಿತು. ಬಸ್ಸೊಂದು ಪಕ್ಕಕ್ಕೆ ಬಂದಾಗ ಕಂಡಕ್ಟರು ಬಾಗಿಲಿನಿಂದ ಬಾಗಿ, "ಸಾಹೇಬ್ರ, ಕೆಟ್ಟೈತೇನು? ತಳ್ಳೂಣೇನು?" ಎಂದು ಕೇಳಿದನು. ನಾಯಕನು ಆ ಬಾಣವನ್ನು ಎದೆಯಲ್ಲಿ ಹೊತ್ತು ಮುಂದೆ ನೋಡಿದನು. ಕಪ್ಪು ಬುಶ್ಶುಗಳು ಕತ್ತಲೆಯಲ್ಲಿ ಕೂತು ಒಂದೊಂದು ಪೆಟ್ಟನ್ನೂ ತಿಂದು ಸುಮ್ಮನಾದವು.

ಆ ಹಳೆಯ ಗುಂಡಿ ಬಂತು. ಈಗ ಅದು ಬೆಳೆದು ದೊಡ್ಡದಾಗಿ, ಮಕ್ಕಳು ಮರಿ ಸಮೇತ ಸುಖವಾಗಿತ್ತು. ಚನ್ನವೀರನು ಅದನ್ನು ಬಳಸಿ, ಅರ್ಧ ರಥವನ್ನು ಹತ್ತಿ ಹೊಲದ ಬದುವಿಗೆ ಹತ್ತಿಸಿ ದಾಟಿಸಿದನು.

"ತುಳಕಿತೇನ್ರಿ?"

"ಮುಂದ ನೋಡ್ರಿ ನೀವು."

ಲಕ್ಷ್ಮೇಶ್ವರ ಬಂತು, ಓಣಿ ಬಂತು, ಹಸಿರು ಚಪ್ಪರ ಕಂಡಿತು. ಬಾಗಿಲಲ್ಲಿ ಹಸಿರು ಸೀರೆಯುಟ್ಟು, ಕೈತುಂಬ ಹಸಿರು ಬಳೆ ತೊಟ್ಟ ದಾನೇಶ್ವರಿ ಕಂಡಳು. ಆದರೆ ಚಪ್ಪರಕ್ಕೆ ನೀರು ತರಲೆಂದು ಬೀಗರು ಆ ಬೆಳಿಗ್ಗೆಯಷ್ಟೇ ಓಣಿಗೆ ಅಡ್ಡಲಾಗಿ ಒಂದು ಪೈಪು ಹಾಸಿ, ಮೇಲೆ ಮಣ್ಣು ಮುಚ್ಚಿದ್ದರು. ಗೇಣುದ್ದದ ದಿಬ್ಬ. ಮೇರುಪರ್ವತವೇ! ಮುಂದಿನ ಎಡಗಾಲಿ ಹತ್ತಿತು, ಇಳಿಯಿತು. ಬಲಗಾಲಿ ಹತ್ತಿತು, ಇಳಿಯಿತು. ಹಿಂದಿನ ಎಡಗಾಲಿ ಹತ್ತಿತು, ಇಳಿಯಿತು. ಹಿಂದಿನ ಬಲಗಾಲಿ ಹತ್ತಿತು. ದಾನೇಶ್ವರಿ "ಅಜ್ಜೀ!" ಎಂದು ಕೂಗಿದಳು. ಚನ್ನವೀರನ ಕಾಲು ಕ್ಲಚ್ಚಿನ ಮೇಲಿಂದ ಒಂದಿಷ್ಟು ಬೇಗ ಎದ್ದಿತು.

ಗಡಿಗೆಯ ಮುಚ್ಚಳದ ಅಂಚಿನಿಂದ ಒಂದು ಹನಿ ಹಾರಿ, ಕೌದಿಯನ್ನು ದಾಟಿ, ಸೀಟಿನ ಮೇಲೆ ಬಿತ್ತು.

ಬಸಲಿಂಗವ್ವ ಮಗಳ ಕಡೆ ನೋಡಿದಳು. ನೀಲಾಂಬಿಕೆ ದಾನೇಶ್ವರಿಗೆ ಕೈಬೀಸುತ್ತಿದ್ದಳು. ಸೆರಗಿನ ತುದಿಯಿಂದ ಮುದುಕಿ ಆ ಹನಿಯನ್ನು ಒತ್ತಿ ಒರೆಸಿದಳು. ತಲೆಯೆತ್ತಿದಾಗ, ಒಳಗಿನ ಕನ್ನಡಿಯಲ್ಲಿ ಅಳಿಯನ ಕಣ್ಣುಗಳಿದ್ದವು.

ಆಕೆ ಗಡಿಗೆಯನ್ನು ಸೊಂಟಕ್ಕಿಟ್ಟುಕೊಂಡು ಇಳಿದು, ಬೀಗರೆಲ್ಲ ಕೇಳುವಂತೆ ಹೇಳಿದಳು: "ಹುಬ್ಬಳ್ಳಿಲಿಂದ ಇಲ್ಲೀತನಕ ಒಂದ ಹನಿ ತುಳಕಿಲ್ಲ ನೋಡ್ರವಾ ನನ್ನ ಅಳಿಯಾನ ಗಾಡ್ಯಾಗ."

ಉಡಿ ತುಂಬುವ ಹೊತ್ತಿಗೆ ಹಾಲು ಕೆನೆಗಟ್ಟಿ ಮೊಸರಾಗಿತ್ತು. ದಾನೇಶ್ವರಿ ಅಜ್ಜಿಯ ಕೈಯಿಂದ ಮೊದಲ ತುತ್ತು ತಿಂದಳು. ಬುಶ್ಶಿನ ಬಗ್ಗೆ ಅಲ್ಲಿ ಯಾರೂ ಕೇಳಲಿಲ್ಲ.

ಒಂದು ಹನಿ ತುಳುಕಿತ್ತು. ಚನ್ನವೀರ ಕೊಟ್ಟ ಮಾತು ತಪ್ಪಿತು.